ಅಖ್ತರ್ ಬಾನು ಅಂಗಡಿಯಲ್ಲಿ ಯಾರ ಮುಖವೂ ಇಲ್ಲ

ಎಸ್ಟೇಟಿನ ಆಳುಗಳು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ ಈಗಷ್ಟೇ ಒಲೆ ಹೊತ್ತಿವೆ. ಕಳಸದಿಂದ ಬರುವ ಮೊದಲ ಬಸ್ಸಿನಿಂದ ಇಳಿದು, ಕಾಫಿ ಗಿಡಗಳ ನಡುವಿನ ಏರುದಾರಿ ಹತ್ತಿ ಬಂದ ಅಖ್ತರ್ ಬಾನು ಕೊನೆಯ ಮನೆಯ ಗೋಡೆಗೆ ತಿಳಿನೀಲಿ ಬೆಡ್‌ಶೀಟ್ ಕಟ್ಟುತ್ತಿದ್ದಾರೆ. ಒಂದು ತುದಿ ಕಿಟಕಿಯ ಸರಳಿಗೆ, ಇನ್ನೊಂದು ತುದಿ ಬಟ್ಟೆ ಒಣಗಿಸುವ ಹಗ್ಗಕ್ಕೆ. ಅದರ ಮುಂದೆ ಯಾರದೋ ಮನೆಯ ಸ್ಟೂಲು. ಇಷ್ಟಾದರೆ ಸ್ಟುಡಿಯೋ ಸಿದ್ಧ.

ಇದು ಹಣ್ಣು ಕೊಯ್ಲಿನ ಕಾಲ. ಮೇಸ್ತ್ರಿ ಹಾಜರಿ ಕರೆಯುವುದರೊಳಗೆ ಎಲ್ಲರ ಫೋಟೋ ಮುಗಿಯಬೇಕು. ರೇಷನ್ ಕಾರ್ಡಿಗೆ ಮನೆಮಂದಿಯ ಫೋಟೋ ಬೇಕು, ಬ್ಯಾಂಕಿನ ಖಾತೆಗೆ ಬೇಕು, ಮೊಬೈಲಿನ ಸಿಮ್ ಕೊಳ್ಳುವುದಕ್ಕೂ ಬೇಕು. ಪೇಟೆಗೆ ಹೋಗಿ ತೆಗೆಸಿಕೊಂಡರೆ ಒಂದು ದಿನದ ಸಂಬಳ ಹೋಗುತ್ತದೆ. ಅದಕ್ಕೇ ಅಖ್ತರ್ ಬಾನು ಕ್ಯಾಮೆರಾ ಹೊತ್ತು ಇಲ್ಲಿಗೇ ಬರುತ್ತಾರೆ. ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದು ಜನ ಸಾಲು ನಿಂತಿದ್ದಾರೆ. ಒಂದೇ ಬಿಳಿ ಅಂಗಿಯನ್ನು ಗಂಡಸರು ಸರದಿಯಂತೆ ತೊಟ್ಟು ಬಿಚ್ಚುತ್ತಿದ್ದಾರೆ.

ಲಕ್ಕಯ್ಯನವರ ಸರದಿ ಬರುತ್ತದೆ. ಎಸ್ಟೇಟಿನಲ್ಲೇ ಮುದುಕರಾದವರು. ಸ್ಟೂಲಿನ ಮೇಲೆ ಕೂತವರೇ ಕಣ್ಣು ಮುಚ್ಚಿಬಿಡುತ್ತಾರೆ.

"ಅಜ್ಜಾ, ಕಣ್ಣು ಬಿಡಿ."

"ಬಿಟ್ಟಿದೀನಲ್ಲವ್ವಾ."

"ಎಲ್ಲಿ ಬಿಟ್ಟಿದೀರಿ? ಮುಚ್ಚಿದೀರಿ."

ಲಕ್ಕಯ್ಯ ಒಂದು ಕಣ್ಣು ತೆರೆದು ಕೇಳುತ್ತಾರೆ: "ಇಷ್ಟು ವರ್ಷ ಯಾರೂ ನನ್ನ ಮುಖ ಕೇಳಿರ್ಲಿಲ್ಲ. ಈಗ ಎಂತಕ್ಕೆ ಕೇಳ್ತಾರೆ?"

"ನೀವೇ ಲಕ್ಕಯ್ಯ ಅಂತ ಗೊತ್ತಾಗ್ಬೇಕಲ್ಲ ಅಜ್ಜಾ."

"ಇಲ್ಲಿ ಯಾರಿಗೆ ಗೊತ್ತಿಲ್ಲ?"

ಸಾಲಿನಲ್ಲಿದ್ದವರು ನಗುತ್ತಾರೆ. ಆ ನಗುವಿಗೆ ಲಕ್ಕಯ್ಯನವರ ಎರಡನೇ ಕಣ್ಣೂ ತೆರೆಯುತ್ತದೆ. ಕ್ಯಾಮೆರಾ ಕ್ಲಿಕ್ ಎನ್ನುತ್ತದೆ. ಅಖ್ತರ್ ಬಾನು ಮಾತ್ರ ನಗುವುದಿಲ್ಲ. ಕೆಳಗಿನ ರಸ್ತೆಯಲ್ಲಿ ಬೈಕೊಂದರ ಸದ್ದು ಕೇಳಿ ಅವರು ತಲೆಯೆತ್ತಿದ್ದಾರೆ. ಬೈಕು ತಿರುವು ದಾಟಿ ಹೋಗಿ ಸದ್ದು ಕರಗಿದ ಮೇಲೆಯೇ "ಮುಂದಿನವ್ರು ಬನ್ನಿ" ಎನ್ನುತ್ತಾರೆ.

ಕಳಸದ ಬಸ್ ನಿಲ್ದಾಣದ ಹತ್ತಿರ ಇವರದೊಂದು ಸಣ್ಣ ಸ್ಟುಡಿಯೋ ಇದೆ. ಫೋಟೋ ಸ್ಟುಡಿಯೋ ಎಂದರೆ ಗಾಜಿನ ಹಿಂದೆ ಮದುವೆಯ ಜೋಡಿ, ಬೊಚ್ಚು ಬಾಯಿಯ ಮಗು, ಕೂದಲು ತೀಡಿಕೊಂಡ ಹುಡುಗರ ಚಿತ್ರಗಳು ಇರಲೇಬೇಕು. ಇಲ್ಲಿ ಒಂದೂ ಇಲ್ಲ. ಗಾಜಿನ ಹಿಂದೆ ಇರುವುದು ಮಂಜು ಕವಿದ ಗುಡ್ಡದ ಚಿತ್ರ, ಭದ್ರಾ ನದಿಯ ಚಿತ್ರ, ಹೂ ಬಿಟ್ಟ ಕಾಫಿ ಗಿಡದ ಚಿತ್ರ. ಹೊಸಬರು ಒಳಗೆ ಬಂದು, "ಇಲ್ಲಿ ಮನುಷ್ಯರ ಫೋಟೋ ತೆಗೆಯಲ್ವಾ?" ಎಂದು ಕೇಳುವುದುಂಟು.

ಅಂಗಡಿ ತೆರೆದವರು ಅವರ ಗಂಡ ಹಬೀಬುರ್ರಹ್ಮಾನ್. ಮೂಡಿಗೆರೆಯಲ್ಲಿ ಬಸ್ ಮೆಕ್ಯಾನಿಕ್ ಆಗಿದ್ದವರ ಮಗಳು ಬಾನು ಮದುವೆಯಾಗಿ ಕಳಸಕ್ಕೆ ಬಂದಾಗ ಕ್ಯಾಮೆರಾ ಮುಟ್ಟಿದವರಲ್ಲ. ತೊಂಬತ್ತರ ದಶಕದ ನಡುವೆ ಮತದಾರರಿಗೆ ಫೋಟೋ ಇರುವ ಗುರುತಿನ ಚೀಟಿ ಬಂತು. ಗಂಡಸಿನೆದುರು ಮುಖ ತೋರಿಸಿ ಕೂರಲು ಅವರ ಕೇರಿಯ ಹೆಂಗಸರು ಒಪ್ಪಲಿಲ್ಲ. ಬ್ಯಾಂಕು, ಪಾಸ್‌ಪೋರ್ಟು ಎಂದು ಬೇರೆ ಕಡೆಯೂ ಫೋಟೋ ಕೇಳತೊಡಗಿದಾಗ ಹಬೀಬುರ್ರಹ್ಮಾನ್ ಹೆಂಡತಿಯ ಕೈಗೆ ಕ್ಯಾಮೆರಾ ಕೊಟ್ಟು "ನೀನೇ ಕಲಿ" ಎಂದರು. ಹೆಂಗಸರು ಹಿಂಬಾಗಿಲಿನಿಂದ ಬಂದು ಅಡುಗೆಮನೆಯಲ್ಲಿ ಕೂತು ಫೋಟೋ ತೆಗೆಸಿಕೊಂಡರು.

"ನಮ್ಮತ್ತೆ ಮಾತ್ರ ಕೊನೇವರೆಗೂ ಕೂರ್ಲಿಲ್ಲ" ಎನ್ನುತ್ತಾರೆ ಅಖ್ತರ್ ಬಾನು. "ಆ ಕಾಗದ ಯಾರ್ಯಾರ ಕೈಗೆ ಹೋಗುತ್ತೋ ನಿಂಗೆ ಗೊತ್ತಾ ಅಂತ ಕೇಳೋರು. ಅವ್ರದ್ದು ಹಳೇ ಕಾಲದ ಭಯ ಅಂತ ನಾನು ನಗಾಡ್ತಿದ್ದೆ."

ಆಮೇಲೆ ಸಕ್ಕರೆ ಕಾಯಿಲೆ ಹಬೀಬುರ್ರಹ್ಮಾನರ ಕಣ್ಣು ತಿಂದಿತು. ಈಗ ಅವರಿಗೆ ಬೆಳಕು, ನೆರಳು ಅಷ್ಟೇ ಕಾಣುವುದು. ಕೌಂಟರಿನಲ್ಲಿ ಕೂತು ಬಂದವರನ್ನು ದನಿಯಲ್ಲೇ ಗುರುತಿಸಿ ಮಾತಾಡಿಸುತ್ತಾರೆ. ದುಡಿಮೆಯೆಲ್ಲ ಅಖ್ತರ್ ಬಾನು ಅವರದು. ಕುದುರೆಮುಖದಲ್ಲಿ ಗಣಿ ನಿಂತು ಟೌನ್‌ಶಿಪ್ ಖಾಲಿಯಾದಾಗ ಒಳ್ಳೆಯ ಗಿರಾಕಿಗಳೂ ಹೋದರು. ಉಳಿದದ್ದು ಎಸ್ಟೇಟುಗಳು. ಬೆಳಿಗ್ಗೆ ಒಂದು ಎಸ್ಟೇಟು, ಮಧ್ಯಾಹ್ನ ಅಂಗಡಿ, ಸಂಜೆ ಪ್ರಿಂಟು. ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆ ನಲವತ್ತು ಮುಖಗಳಾದರೂ ಅವರ ಕ್ಯಾಮೆರಾದ ಮುಂದೆ ಹಾದುಹೋಗುತ್ತವೆ.

ಅಂಥದೊಂದು ಮುಖದ ಕಾರಣಕ್ಕೇ ಗಾಜಿನ ಹಿಂದೆ ಮೊದಲಿದ್ದ ಮನುಷ್ಯರ ಚಿತ್ರಗಳು ಇಳಿದವು. ಆಕೆಯ ನಿಜವಾದ ಹೆಸರು ಇಲ್ಲಿ ಬೇಡ. ದೇವೀರಮ್ಮ ಎಂದು ಕರೆಯೋಣ. ಎಸ್ಟೇಟಿನ ಹೆಸರೂ ಬೇಡ.

ದೇವೀರಮ್ಮ ಬಯಲುಸೀಮೆಯ ಕಡೆಯವಳು. ಗಂಡ ಹೊಡೆಯುತ್ತಿದ್ದ. ಒಂದು ಸಲ ಕಾದ ಸೌಟಿನಿಂದ ಕುತ್ತಿಗೆಗೆ ಬರೆ ಹಾಕಿದ. ಆ ವಾರವೇ ಅವಳು ಮಗಳನ್ನು ಕರೆದುಕೊಂಡು ಮನೆ ಬಿಟ್ಟು, ಕೊಯ್ಲಿಗೆ ಹೊರಟಿದ್ದ ಆಳುಗಳ ಲಾರಿ ಹತ್ತಿ ಕಳಸದ ಕಡೆ ಬಂದಳು. ಕೊಯ್ಲು ಮುಗಿದು ಎಲ್ಲರೂ ಊರಿಗೆ ಹೋದರೂ ಅವಳು ಹೋಗಲಿಲ್ಲ. ಲೈನಿನಲ್ಲಿ ಒಂದು ಕೋಣೆ ಸಿಕ್ಕಿತು. ಮಗಳು ಹತ್ತಿರದ ಶಾಲೆಗೆ ಸೇರಿದಳು.

ಮೂರು ನಾಲ್ಕು ವರ್ಷದ ಹಿಂದೆ ಆ ಎಸ್ಟೇಟಿನ ಹೆಂಗಸರು ಸ್ತ್ರೀಶಕ್ತಿ ಸಂಘ ಕಟ್ಟಿಕೊಂಡಾಗ ಬ್ಯಾಂಕು ಎಲ್ಲರ ಫೋಟೋ ಕೇಳಿತು. ಬೆಡ್‌ಶೀಟಿನ ಮುಂದೆ ಎಲ್ಲರಿಗಿಂತ ಕೊನೆಗೆ ಬಂದು ಕೂತವಳು ದೇವೀರಮ್ಮ. ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದಳು.

"ಬಾನಕ್ಕಾ, ಇದು ಎಲ್ಲಿಗೆ ಹೋಗುತ್ತೆ?"

"ಬ್ಯಾಂಕಿಗೆ."

"ಅಲ್ಲಿಂದ?"

"ಅಲ್ಲೇ ಇರುತ್ತೆ. ಫೈಲಲ್ಲಿ."

"ಆ ಫೈಲು ಯಾರು ನೋಡ್ತಾರೆ?"

"ಯಾರೂ ನೋಡಲ್ಲ, ಹೆದರ್ಬೇಡ" ಎಂದು ಹೇಳಿ ಅಖ್ತರ್ ಬಾನು ಕ್ಯಾಮೆರಾ ಎತ್ತಿದರು. ಬೆಳಕು ಸರಿ ಬೀಳಲೆಂದು ಸೆರಗು ಸರಿಸಲು ಕೈಚಾಚಿದಾಗ ಬರೆಯ ಕಲೆ ಕಂಡಿತು. ಅವರು ಕೈ ಹಿಂದೆ ತೆಗೆದುಕೊಂಡರು. ಸೆರಗು ಇದ್ದಲ್ಲೇ ಬಿಟ್ಟು ಫೋಟೋ ತೆಗೆದರು. ಅವಳ ಕತೆ ಅವರಿಗೆ ತಿಳಿದದ್ದು ಆವತ್ತೇ.

ಕೇಡು ಬಂದದ್ದು ಬ್ಯಾಂಕಿನ ಫೈಲಿನಿಂದಲ್ಲ, ರೇಷನ್ ಕಾರ್ಡಿನಿಂದ. ಹೊಸ ಕಾರ್ಡು ಬೇಕಾದರೆ ಹಳೆಯ ಊರಿನ ಕಾರ್ಡಿನಿಂದ ಹೆಸರು ತೆಗೆಸಬೇಕು ಎಂದು ಕಚೇರಿಯವರು ಹೇಳಿದರು. ಎಸ್ಟೇಟಿನ ಲೆಕ್ಕಪತ್ರ ಬರೆಯುವ ರೈಟರ್ ಚಂದ್ರಶೇಖರ ಒಳ್ಳೆಯ ಮನಸ್ಸಿನಿಂದಲೇ ಅವಳ ಪರವಾಗಿ ಅರ್ಜಿ ಬರೆದು ಕಳಿಸಿದರು. ಹಳೆಯ ಕಾರ್ಡು ಇದ್ದದ್ದು ಗಂಡನ ಕೈಯಲ್ಲಿ. ಹೆಂಡತಿ, ಮಗಳ ಹೆಸರು ತೆಗೆಯಬೇಕು ಎಂದು ಕಾರ್ಡು ತರಿಸಿಕೊಂಡಾಗ, ಅರ್ಜಿ ಕಳಸದ ಕಡೆಯಿಂದ ಬಂದಿದೆ ಎಂದು ಅವನಿಗೆ ಗೊತ್ತಾಯಿತು. ಯಾವ ಎಸ್ಟೇಟು ಎಂದು ಮಾತ್ರ ಗೊತ್ತಾಗಲಿಲ್ಲ. ಈ ಗುಡ್ಡಗಳಲ್ಲಿ ಎಸ್ಟೇಟುಗಳಿಗೇನು ಬರವೇ?

ಅವನು ಅಂಗಡಿಗೆ ಬಂದದ್ದು ಒಂದು ಸೋಮವಾರ. ಇಸ್ತ್ರಿ ಮಾಡಿದ ಅಂಗಿ, ಹಣೆಯಲ್ಲಿ ಕುಂಕುಮ, ಕೈಯಲ್ಲಿ ಹೊರನಾಡಿನ ಪ್ರಸಾದದ ಪೊಟ್ಟಣ. ನಯವಾಗಿ ಮಾತಾಡಿದ. ಜೇಬಿನಿಂದ ಮದುವೆಯ ಫೋಟೋ ಒಂದನ್ನು ತೆಗೆದು ಕೌಂಟರಿನ ಗಾಜಿನ ಮೇಲಿಟ್ಟ.

"ನಮ್ಮ ತಂಗಿ ಮೇಡಂ. ಮನೇಲಿ ಜಗಳ ಮಾಡ್ಕೊಂಡು ಬಂದ್ಬಿಟ್ಟಿದಾಳೆ. ಅವಳ ಹೆಸರಲ್ಲಿ ಜಮೀನಿದೆ, ಒಂದು ಸಹಿ ಬೇಕಾಗಿತ್ತು. ಎಸ್ಟೇಟಿನವರ ಫೋಟೋ ಎಲ್ಲಾ ನೀವೇ ತೆಗೆಯೋದಂತಲ್ಲ?"

ಮದುವೆಯ ಫೋಟೋದಲ್ಲಿ ಹುಡುಗಿಯ ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದವನು ಅವನೇ. ಗಡ್ಡ ಬಿಟ್ಟುಕೊಂಡರೆ ಮುಖ ಬದಲಾಗುತ್ತದೆಂದು ಎಣಿಸಿದ್ದನೋ ಏನೋ.

"ಹುಡುಗಿ ಯಾರು ಅಂತ ನೋಡಿದ ಕೂಡ್ಲೇ ಗೊತ್ತಾಯ್ತು" ಎಂದು ಅಖ್ತರ್ ಬಾನು ನೆನಪಿಸಿಕೊಳ್ಳುತ್ತಾರೆ. "ದೇವೀರಮ್ಮನ ಫೋಟೋ ಕವರು ಅವನ ಮೊಣಕೈ ಪಕ್ಕದ ಟ್ರೇನಲ್ಲೇ ಇತ್ತು. ರೇಷನ್ ಕಾರ್ಡಿಗೆ ಅಂತ ಇನ್ನೊಂದಿಷ್ಟು ಕಾಪಿ ಕೇಳಿದ್ಲು, ತಗೊಂಡು ಹೋಗೋಕೆ ಬಂದಿರ್ಲಿಲ್ಲ. ಕವರಿನ ಮೇಲೆ ಎಸ್ಟೇಟ್ ಹೆಸರು ನನ್ನ ಕೈಬರಹದಲ್ಲೇ ಇದೆ."

ಇದೇನೂ ತಿಳಿಯದ ಹಬೀಬುರ್ರಹ್ಮಾನ್ ಎಂದಿನ ಉಪಚಾರದಲ್ಲಿ, "ಕೂತ್ಕೊಳಿ, ದೂರದಿಂದ ಬಂದಿದೀರಿ. ನಮ್ಮ ಮನೆಯವಳು ತೆಗೆದಿದ್ರೆ ಹುಡುಕಿ ಕೊಡ್ತಾಳೆ" ಎಂದುಬಿಟ್ಟರು.

ಅಖ್ತರ್ ಬಾನು ಕೌಂಟರು ಒರೆಸುವ ಬಟ್ಟೆಯನ್ನು ಟ್ರೇ ಮೇಲೆ ಹಾಕಿ, ಬಟ್ಟೆಯ ಸಮೇತ ಟ್ರೇ ಎತ್ತಿ ಒಳಗಿಟ್ಟು ಬಂದರು. ಆಮೇಲೆ ಹೇಳಿದರು: "ನಾವು ಒಬ್ರ ಫೋಟೋ ಇನ್ನೊಬ್ರಿಗೆ ತೋರಿಸಲ್ಲ. ನಿಮ್ಮ ತಂಗಿದೇ ಆಗ್ಲಿ, ಬೇರೆಯವ್ರದ್ದೇ ಆಗ್ಲಿ."

"ಯಾವ ಕಾನೂನಲ್ಲಿದೆ ಮೇಡಂ ಅದು?"

"ನಮ್ಮ ಅಂಗಡೀಲಿದೆ."

ಅವನು ನಕ್ಕು ಹೋದ. ಮಾರನೆಯ ಬೆಳಿಗ್ಗೆ ಪೊಲೀಸಿನವನೊಬ್ಬನನ್ನು ಕರೆದುಕೊಂಡು ಬಂದ. ಈಗ ತಂಗಿಯ ಮಾತಿಲ್ಲ. ಹೆಂಡತಿ ಒಡವೆ ಕದ್ದು ಓಡಿಬಂದಿದ್ದಾಳೆ ಎಂಬ ಮಾತು. ಅಖ್ತರ್ ಬಾನು, "ಏನು ಬೇಕು ಅಂತ ಬರೆದು ಕೊಡಿ ಸಾರ್, ತೆಗೆದು ಕೊಡ್ತೀನಿ" ಎಂದರು. ಪೊಲೀಸಿನವನ ದನಿ ಗಡುಸಾಯಿತು.

"ಬರೆದು ಬೇರೆ ಕೊಡ್ಬೇಕಾ? ಕಾಡಿನಂಚಿನವರ ಫೋಟೋ ಎಲ್ಲಾ ತೆಗೀತೀರಿ ನೀವು. ಯಾರ್ಯಾರದ್ದು ತೆಗೆದಿದೀರಿ, ಯಾರಿಗೆ ಕೊಟ್ಟಿದೀರಿ ಅಂತ ನಾವು ಕೇಳೋಕೆ ಶುರು ಮಾಡಿದ್ರೆ ಅಂಗಡಿ ಇರಲ್ಲ. ನೆಗೆಟಿವ್ ಎಲ್ಲಾ ತೆಗೆದಿಟ್ಟಿರಿ. ಸಂಜೆ ಬರ್ತೀವಿ."

ಆಗಿನ ದಿನಗಳು ಹೇಗಿದ್ದವೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಕಾಡಿನಲ್ಲಿ ನಕ್ಸಲರ ಹುಡುಕಾಟ ನಡೆಯುತ್ತಿತ್ತು. ಬಸ್ಸು ನಿಲ್ಲಿಸಿ ಗುರುತಿನ ಚೀಟಿ ಕೇಳುತ್ತಿದ್ದರು. ಚೀಟಿ ಮನೆಯಲ್ಲಿ ಮರೆತವರನ್ನು ಇಳಿಸಿ ನಿಲ್ಲಿಸುತ್ತಿದ್ದರು. ಅಂಥ ಹೊತ್ತಿನಲ್ಲಿ ಪೊಲೀಸಿನವನ ಮಾತು ಬರೀ ಬೆದರಿಕೆಯಾಗಿ ಉಳಿಯುವಂಥದ್ದಲ್ಲ. ಮನೆಯಲ್ಲಿ ಕಣ್ಣು ಕಾಣದ ಗಂಡ. ಅನ್ನಕ್ಕೆ ಇರುವುದು ಇದೊಂದೇ ಅಂಗಡಿ.

ಅಖ್ತರ್ ಬಾನು ಬಾಗಿಲು ಅರ್ಧ ಎಳೆದುಕೊಂಡು ದೇವೀರಮ್ಮನ ನೆಗೆಟಿವ್ ಹುಡುಕಿದರು. ಫಿಲ್ಮ್ ಪಟ್ಟಿಯಲ್ಲಿ ಅವಳ ಆಚೆ ಈಚೆ ಅದೇ ಲೈನಿನ ಬೇರೆ ಹೆಂಗಸರು. ಕತ್ತರಿ ತೆಗೆದುಕೊಂಡು ಅವಳದ್ದೊಂದನ್ನು ಮಾತ್ರ ಬಿಡಿಸಿದರು.

ಸದ್ದಿಗೆ ಹಬೀಬುರ್ರಹ್ಮಾನ್ ಕತ್ತು ತಿರುಗಿಸಿದರು. "ಏನು ಕತ್ತರಿಸ್ತಿದೀಯಾ ಬಾನು?"

"ನೆಗೆಟಿವ್."

ಅಂಗಡಿ ತೆರೆದ ದಿನದಿಂದ ತೆಗೆದ ಒಂದೊಂದು ನೆಗೆಟಿವನ್ನೂ ವರ್ಷವಾರು ಕಟ್ಟಿ, ಬೂಸ್ಟು ಹಿಡಿಯದಂತೆ ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿ, ಕಾದುಕೊಂಡು ಬಂದ ಮನುಷ್ಯ ಅವರು. ಹಿಂದಿನ ದಿನ ಬಂದಿದ್ದವನು ಯಾರು, ದೇವೀರಮ್ಮ ಯಾರು ಎಂದು ಹೆಂಡತಿ ಆಗ ಹೇಳಿದರು. ಕುತ್ತಿಗೆಯ ಕಲೆಯನ್ನೂ ಹೇಳಿದರು.

"ನಿನ್ನೆ ಅವನಿಗೆ ಕೂತ್ಕೊಳಿ ಅಂದೆನಲ್ಲ" ಎಂದರು ಹಬೀಬುರ್ರಹ್ಮಾನ್. ಆಮೇಲೆ, "ಒಂದನ್ನೇ ಕತ್ತರಿಸಿದ್ರೆ ನಡುವೆ ಖಾಲಿ ಬಿದ್ದಿದ್ದು ಗೊತ್ತಾಗುತ್ತೆ. ಯಾವ ಎಸ್ಟೇಟು ಅಂತಾನೂ ಗೊತ್ತಾಗುತ್ತೆ. ಆ ಎಸ್ಟೇಟಿಂದು ಇರೋದೆಲ್ಲಾ ತೆಗೆದುಬಿಡು" ಎಂದರು.

ಕಟ್ಟುಗಳು ಬಿಚ್ಚಿದವು. ಆ ಎಸ್ಟೇಟಿನ ನೆಗೆಟಿವ್‌ಗಳನ್ನೆಲ್ಲ ದೇವೀರಮ್ಮನ ಫೋಟೋ ಕವರಿನ ಜೊತೆ ಬುತ್ತಿಚೀಲದಲ್ಲಿ ತುಂಬಿಕೊಂಡು, ಮೇಲೆ ಟವೆಲು ಹೊದಿಸಿ ಅಖ್ತರ್ ಬಾನು ಮಧ್ಯಾಹ್ನದ ಬಸ್ಸು ಹತ್ತಿದರು. ದಾರಿಯಲ್ಲಿ ತಪಾಸಣೆಗೆ ಬಸ್ಸು ನಿಂತಿತು. ಗುರುತಿನ ಚೀಟಿ ತೋರಿಸಿದರು. ಚೀಲದಲ್ಲೇನಿದೆ ಎಂದು ಯಾರೂ ಕೇಳಲಿಲ್ಲ.

ದೇವೀರಮ್ಮ ಕಣದಲ್ಲಿ ಕಾಫಿ ಹಣ್ಣು ಹರಡುತ್ತಿದ್ದಳು. ಅಖ್ತರ್ ಬಾನು ಮುಖ ನೋಡಿಯೇ ಅವಳಿಗೆ ಅರ್ಥವಾಯಿತು.

"ಬಂದ್ನಾ?"

"ಬಂದಿದಾನೆ. ಕಳಸದಲ್ಲೇ ಇದಾನೆ."

ಅವಳು ಅಳಲಿಲ್ಲ. ಕೈಗೆ ಹತ್ತಿದ ಹಣ್ಣಿನ ಅಂಟು ಒರೆಸಿಕೊಳ್ಳುತ್ತಾ, ಮಗಳು ಶಾಲೆಯಿಂದ ಬರುವ ದಾರಿಯನ್ನೇ ನೋಡುತ್ತಾ ನಿಂತಳು. ಅವಳ ನೆಗೆಟಿವ್ ಅವಳ ಕೈ ಸೇರಿತು. ಉಳಿದ ಹೆಂಗಸರದ್ದು ಅವರವರ ಕೈಗೆ. ರೈಟರ್ ಚಂದ್ರಶೇಖರ ತಲೆ ಮೇಲೆ ಕೈಹೊತ್ತು ಕೂತರು. "ನಾನೇ ಬರೆದಿದ್ದಲ್ಲ ಬಾನಮ್ಮಾ ಅರ್ಜಿ. ಉಪಕಾರ ಮಾಡೋಕೆ ಹೋಗಿ ಹೀಗಾಯ್ತಲ್ಲ" ಎಂದರು. ಮರುದಿನ ನಸುಕಿನಲ್ಲೇ ಎಸ್ಟೇಟಿನ ಜೀಪಿನಲ್ಲಿ ತಾಯಿ, ಮಗಳನ್ನು ದೂರದ ಬಸ್ ನಿಲ್ದಾಣಕ್ಕೆ ಬಿಟ್ಟುಬಂದವರೂ ಅವರೇ.

ಆದರೆ ಅದಕ್ಕೂ ಮುಂಚೆ ಆ ಸಂಜೆ ಕಳೆಯಬೇಕಾಗಿತ್ತು. ಅಖ್ತರ್ ಬಾನು ಅಂಗಡಿಗೆ ವಾಪಸು ಬಂದು, ಉಳಿದ ಕಟ್ಟುಗಳನ್ನು ಕೌಂಟರಿನ ಮೇಲಿಟ್ಟು ಕಾದರು. ಪೊಲೀಸಿನವನು ಬಂದು ರಾಶಿ ನೋಡಿ, "ನೀನೇ ನೋಡ್ಕೋ ಮಾರಾಯ" ಎಂದು ಹೇಳಿ ಚಹಾ ಕುಡಿಯಲು ಹೋದ. ದೇವೀರಮ್ಮನ ಗಂಡ ಒಂದೊಂದೇ ಪಟ್ಟಿಯನ್ನು ಬಲ್ಬಿಗೆ ಹಿಡಿದು ನೋಡತೊಡಗಿದ. ಹೆಣ್ಣುಮಕ್ಕಳ ಮುಖ ಬಂದಲ್ಲಿ ಹತ್ತಿರಕ್ಕೆ ಹಿಡಿಯುತ್ತಿದ್ದ. ಯಾರ ಮಗಳೋ, ಯಾರ ಸೊಸೆಯೋ. ಅಡುಗೆಮನೆಯಲ್ಲಿ ಕೂತು ಫೋಟೋ ತೆಗೆಸಿಕೊಂಡಿದ್ದ ಕೇರಿಯ ಹೆಂಗಸರೂ ಅದರಲ್ಲಿದ್ದರು.

ಅವನಿಗೆ ಏನೂ ಸಿಗಲಿಲ್ಲ. ಕಣ್ಣುಜ್ಜಿಕೊಂಡು ಎದ್ದುಹೋದ. ಆಮೇಲೆ ವಿಚಾರಿಸಿದರೆ, ಒಡವೆ ಕದ್ದ ದೂರು ಎಂಬುದೇ ಎಲ್ಲೂ ದಾಖಲಾಗಿರಲಿಲ್ಲ. ಪೊಲೀಸಿನವನು ಪರಿಚಯದ ಮೇಲೆ ಬಂದಿದ್ದನಂತೆ. ಗಂಡ ಇನ್ನೂ ಕೆಲವು ದಿನ ಹೊರನಾಡಿನಲ್ಲಿ ಉಳಿದುಕೊಂಡು ಎಸ್ಟೇಟುಗಳ ಗೇಟಿಗೆ ಅಲೆದ. ದೇವೀರಮ್ಮನ ಎಸ್ಟೇಟಿಗೂ ಹೋದ. ಅಷ್ಟರಲ್ಲಿ ಅವಳ ಕೋಣೆಯಲ್ಲಿ ಬೇರೆ ಸಂಸಾರವಿತ್ತು. ಮದುವೆಯ ಫೋಟೋ ನೋಡಿದ ಹೆಂಗಸರೆಲ್ಲ ಇವಳನ್ನು ಕಂಡಿಲ್ಲ ಎಂದರು.

"ದೇವೀರಮ್ಮ ಉಳ್ಕೊಂಡ್ಲು, ಅದು ಸರಿ" ಎನ್ನುತ್ತಾರೆ ಅಖ್ತರ್ ಬಾನು. "ಆದ್ರೆ ಆ ಸಂಜೆ ಮರೆಯೋಕಾಗಲ್ಲ. ಅಷ್ಟು ಜನ ನನ್ನ ನಂಬಿ ಮುಖ ಕೊಟ್ಟಿದ್ರು. ರೇಷನ್ನಿಗೆ, ಬ್ಯಾಂಕಿಗೆ ಅಂತ ಕೊಟ್ಟಿದ್ರು. ಅಂಥವನ ಕೈಗೆ ಸಿಗ್ಲಿ ಅಂತಲ್ಲ. ನಾನು ನಿಂತ್ಕೊಂಡು ನೋಡ್ತಾ ಇದ್ದೆ. ಹೆದರಿಕೆ ಆಗಿತ್ತು."

ಆ ಮಳೆಗಾಲ ಪೂರ್ತಿ ಗಂಡ ಹೆಂಡತಿ ಅಟ್ಟದ ಕಟ್ಟುಗಳನ್ನು ಬಿಚ್ಚಿದರು. ಹೆಂಡತಿ ಹೆಸರು ಓದಿದರೆ, ಅದು ಯಾರ ಮನೆಯವರದು, ಈಗ ಎಲ್ಲಿದ್ದಾರೆ ಎಂದು ಗಂಡ ಹೇಳುವರು. ಸಿಕ್ಕವರಿಗೆಲ್ಲ ಅವರ ನೆಗೆಟಿವ್ ತಲುಪಿತು. ಸತ್ತವರದ್ದು ಮಕ್ಕಳಿಗೆ ಹೋಯಿತು. ಯಾರೂ ಸಿಗದೆ ಉಳಿದದ್ದನ್ನು ಹಿತ್ತಲಲ್ಲಿ ಸುಟ್ಟರು. ಗಾಜಿನ ಹಿಂದಿನ ಮದುವೆ ಜೋಡಿಗಳೂ ಮಕ್ಕಳೂ ಇಳಿದರು.

ಈಗ ಅವರ ಹತ್ತಿರ ಇರುವುದು ಡಿಜಿಟಲ್ ಕ್ಯಾಮೆರಾ. ಕಾಪಿ ಕೊಟ್ಟ ಮೇಲೆ ಗಿರಾಕಿಯ ಎದುರಿಗೇ ಅಳಿಸುತ್ತಾರೆ. "ನೋಡಿ, ಹೋಯ್ತು" ಎಂದು ಪರದೆ ತೋರಿಸುತ್ತಾರೆ. ಇದರಿಂದ ವ್ಯಾಪಾರಕ್ಕೆ ಪೆಟ್ಟು ಬಿದ್ದಿದೆ. ಪಾಸ್‌ಪೋರ್ಟ್ ಸೈಜಿನ ಅಂಗಡಿಗಳು ಬದುಕುವುದೇ ಮತ್ತೆ ಮತ್ತೆ ಹಾಕಿಕೊಡುವ ಕಾಪಿಗಳಿಂದ. ಎದುರಿನ ಹೊಸ ಸ್ಟುಡಿಯೋದಲ್ಲಿ ಎಲ್ಲರ ಮುಖವೂ ಕಂಪ್ಯೂಟರಿನಲ್ಲಿದೆ. ಹೆಸರು ಹೇಳಿದರೆ ಸಾಕು, ಚಹಾ ಆರುವುದರೊಳಗೆ ಕಾಪಿ ಕೈಗೆ ಬರುತ್ತದೆ. ಜನ ಅಲ್ಲಿಗೆ ಹೋಗುತ್ತಾರೆ. ಕೆಲವರು ಇಲ್ಲಿಗೂ ಬಂದು ಬೈಯುತ್ತಾರೆ.

"ಹೋದ ತಿಂಗಳು ತೆಗೆದಿದ್ದೇ ಇಲ್ವಾ? ಎಂಥ ಸ್ಟುಡಿಯೋ ಮಾರಾಯ್ರೆ ಇದು!"

"ನಿಮ್ಮದು ನಿಮ್ಮ ಹತ್ರಾನೇ ಇರ್ಲಿ ಅಂತ" ಎನ್ನುತ್ತಾರೆ ಅಖ್ತರ್ ಬಾನು. ಆಮೇಲೆ ಮತ್ತೆ ಸ್ಟೂಲು ಎಳೆದು ಕೂರಿಸುತ್ತಾರೆ.

ಭಯ ಹೋಗಿಲ್ಲ. ಹೋದ ವರ್ಷವೂ ದೇವೀರಮ್ಮನ ಗಂಡ ಬಸ್ ನಿಲ್ದಾಣದಲ್ಲಿ ಇಳಿದದ್ದನ್ನು ಅವರು ಅಂಗಡಿಯ ಬಾಗಿಲಿನಿಂದ ಕಂಡಿದ್ದಾರೆ. ಹೊರನಾಡಿನ ಬಸ್ಸು ಹತ್ತಿ ಹೋದ. ದೇವರಿಗೆ ಬಂದಿದ್ದನೋ, ಹುಡುಕಲು ಬಂದಿದ್ದನೋ ಗೊತ್ತಾಗಲಿಲ್ಲ. ಆ ದಿನ ಅವರು ಊಟ ಮಾಡಲಿಲ್ಲ. ಅಪರಿಚಿತರು ಕೌಂಟರಿಗೆ ಮೊಣಕೈ ಊರಿದರೆ ಈಗಲೂ ಮೊದಲು ಟ್ರೇ ಎತ್ತಿ ಒಳಗಿಡುತ್ತಾರೆ.

ದೇವೀರಮ್ಮ ಎಲ್ಲಿದ್ದಾಳೆಂದು ಅವರು ಕೇಳಿಕೊಂಡಿಲ್ಲ. ನಾನೂ ಕೇಳಲಿಲ್ಲ. ಕಳೆದ ದೀಪಾವಳಿಯ ಹೊತ್ತಿಗೆ ಅಂಗಡಿಯ ಫೋನಿಗೆ ಕಾಯಿನ್ ಬೂತಿನಿಂದ ಒಂದು ಕರೆ ಬಂತು. ಹಬೀಬುರ್ರಹ್ಮಾನ್ ಎತ್ತಿಕೊಂಡರು. ಒಂದೇ ಮಾತಿಗೆ ದನಿ ಗುರುತಿಸಿ ಹೆಂಡತಿಗೆ ರಿಸೀವರು ಕೊಟ್ಟರು.

"ಬಾನಕ್ಕಾ, ಚೆನ್ನಾಗಿದೀವಿ. ಮಗಳು ಶಾಲೆಗೆ ಹೋಗ್ತಿದಾಳೆ. ಇಲ್ಲೂ ಫೋಟೋ ಕೇಳ್ತಿದಾರೆ. ಕೊಡ್ಲಾ?"

ಕೊಡಬೇಡ ಎಂದರೆ ಅಕ್ಕಿ ಸಿಗುವುದಿಲ್ಲ, ಖಾತೆ ಆಗುವುದಿಲ್ಲ. ಕೊಡು ಎಂದರೆ ಆ ಕಾಗದ ಮತ್ತೆ ಯಾರ ಕೈಗೆ ಹೋಗುತ್ತದೋ. ಅಖ್ತರ್ ಬಾನು ಹೇಳಿದ್ದು ಇಷ್ಟು: "ಕೊಡ್ಲೇಬೇಕಲ್ಲ ತಾಯಿ, ಕೊಡು. ಆದ್ರೆ ಹಳೇ ಊರಿಗೆ ಕಾಗದ ಬರೀತಾರಾ ಅಂತ ಮೊದ್ಲು ಕೇಳ್ಕೋ." ಅಷ್ಟರಲ್ಲಿ ಕಾಯಿನ್ ಮುಗಿದು ಲೈನು ಕಡಿಯಿತು.

ಹೊರಡುವ ಮುಂಚೆ, ನಿಮಗೆ ಇನ್ನೇನಾದರೂ ಆಸೆ ಇದೆಯಾ ಎಂದು ಕೇಳಿದೆ. ಅವರು ಕ್ಯಾಮೆರಾದ ಗಾಜನ್ನು ಸೆರಗಿನ ತುದಿಯಲ್ಲಿ ಒರೆಸಿಕೊಂಡರು.

"ಅವಳೂ ಮಗಳೂ ಒಟ್ಟಿಗೆ ಕೂತಿರೋ ಒಂದು ಫೋಟೋ ತೆಗೀಬೇಕು ಅಂತಿದೆ" ಎಂದರು. "ಕಾರ್ಡಿಗಲ್ಲ, ಬ್ಯಾಂಕಿಗಲ್ಲ. ಹೂ ಮುಡ್ಕೊಂಡು, ಜೋರಾಗಿ ನಗ್ತಾ ಇರ್ಬೇಕು ಇಬ್ರೂ. ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡ್ತೀನಿ. ಅವ್ರ ಮನೆ ಗೋಡೇಲಿ ಇರ್ಲಿ, ಬಂದೋರೆಲ್ಲಾ ನೋಡ್ಲಿ."